ಸಭೆಯಲ್ಲಿ ಇಬ್ಬರದೇ ಮಾತು, ಉಳಿದವರದು ಹೂಂ

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದಾಗ 12 ಮಂದಿ ಅದೀವಿ. ಜೋಳದ ಕಡಕ್ ರೊಟ್ಟಿ ಮಾಡಿ ಬಸ್ಸಿನಾಗ ಬೆಂಗಳೂರಿಗೆ ಕಳಸ್ತೀವಿ. ಮುಟ್ಟೋದ್ರಾಗ ಭಾಳ ಮುರೀತಾವ. ಏನು ಮಾಡೂಣು ಅಂತ ಸಭೆ ಕರದ್ರ ಇಬ್ಬರೇ ಮಾತಾಡ್ತಾರ, ಉಳಿದವರು ಹೂಂ ಅಂತಾರ. ಎಲ್ಲರಿಂದ ಉಪಾಯ ಹೊರಡಿಸೋದು ಹ್ಯಾಂಗ?
– ಸಂಘದ ಪ್ರತಿನಿಧಿ, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ಉಳಿದ ಹತ್ತು ಮಂದಿಗೆ ಉಪಾಯ ಹೊಳೆಯುವುದಿಲ್ಲ ಅಂದುಕೊಳ್ಳಬೇಡಿ. ಒಬ್ಬರು ಮಾತಾಡುವಾಗ ಮಿಕ್ಕವರು ಕಾಯಬೇಕು. ಸರದಿ ಬರುವಷ್ಟರಲ್ಲಿ ತಲೆಯಲ್ಲಿದ್ದದ್ದು ಮರೆತುಹೋಗಿರುತ್ತದೆ. 1958ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದ್ದರು: ಕೂಡಿ ಕೂತ ನಾಲ್ವರಿಗಿಂತ ಬೇರೆ ಬೇರೆ ಕೂತ ನಾಲ್ವರಿಂದಲೇ ಹೆಚ್ಚು ಉಪಾಯ ಬಂದವು. ಹಾಗಾಗಿ ಮೊದಲ ಅರ್ಧ ಗಂಟೆ ಮಾತೇ ಬೇಡ, ಎಲ್ಲರೂ ಸುಮ್ಮನೆ ಕೂತು ಬರೆಯಲಿ.

ಅದಕ್ಕೂ ಮುಂಚೆ ಪ್ರಶ್ನೆಯನ್ನು ಸರಿಮಾಡಿಕೊಳ್ಳಿ. ‘ರೊಟ್ಟಿ ಯಾಕ ಮುರೀತಾವ?’ ಎಂದರೆ ತಪ್ಪು ಯಾರದೆಂಬ ಹುಡುಕಾಟ ಶುರುವಾಗುತ್ತದೆ. ‘ಯಾವ ಡಬ್ಬಿ ತರೂಣು?’ ಎಂದರೆ ಉತ್ತರವನ್ನು ನೀವೇ ಹೇಳಿಬಿಟ್ಟಂತೆ. ‘ಹಂಚಿನಿಂದ ಇಳಿದ ರೊಟ್ಟಿ ಗಿರಾಕಿ ಕೈಗೆ ಇಡಿಯಾಗಿ ಮುಟ್ಟಬೇಕಾದ್ರ ಏನೇನು ಮಾಡಬಹುದು?’ ಎಂದು ಬರೆದು ಗೋಡೆಗೆ ಹಚ್ಚಿ. ಆಗ ರೊಟ್ಟಿಯ ದಪ್ಪ, ಒಣಗಿಸುವ ಬಗೆ, ಜೋಡಿಸುವ ಬಗೆ, ಬಸ್ಸಿನಲ್ಲಿ ಇಡುವ ಜಾಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ವಾಪಸು ಬಂದ ಕಟ್ಟೊಂದನ್ನು ನಡುವೆ ಬಿಚ್ಚಿಡಿ. ಅಂಚು ಒಡೆದಿದೆಯೋ, ನಡುವೆ ಸೀಳಿದೆಯೋ, ತಳದವು ಮಾತ್ರ ಪುಡಿಯಾಗಿವೆಯೋ, ಎಲ್ಲರೂ ಕೈಯಲ್ಲಿ ಹಿಡಿದು ನೋಡಲಿ. ಈ ಹತ್ತು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬೇಡಿ.

ಬಳಿಕ ಆರಾರು ಮಂದಿಯ ಎರಡು ಗುಂಪು ಮಾಡಿ, ಜಮಖಾನೆ ಮೇಲೆ ದುಂಡಗೆ ಕೂರಿಸಿ. ಜರ್ಮನಿಯ ಬೆರ್ನ್ಡ್ ರೋರ್‌ಬಾಖ್ 1968ರಲ್ಲಿ ಮುಂದಿಟ್ಟ 6-3-5 ಕ್ರಮ ನಿಮಗೆ ಹೇಳಿ ಮಾಡಿಸಿದಂತಿದೆ: 6 ಮಂದಿ, ತಲಾ 3 ಉಪಾಯ, 5 ನಿಮಿಷ. ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟು, ಪ್ರತಿ ಹಾಳೆಯಲ್ಲೂ ಅಡ್ಡಕ್ಕೆ ಮೂರು, ಉದ್ದಕ್ಕೆ ಆರು ಮನೆ ಗೆರೆ ಹಾಕಿ. ಒಂದು ಸುತ್ತಿಗೆ ಒಂದು ಸಾಲು, ಮನೆಗೊಂದು ಉಪಾಯ. ಐದು ನಿಮಿಷಕ್ಕೊಮ್ಮೆ ಹಾಳೆ ಬಲಗಡೆಯವರಿಗೆ ಹೋಗಲಿ. ಅವರು ಮೇಲಿನದನ್ನು ಓದಿ ಅದಕ್ಕೆ ಸೇರಿಸಬಹುದು, ಹೊಸದನ್ನೂ ಬರೆಯಬಹುದು. ಆರು ಸುತ್ತು ಮುಗಿದಾಗ ಒಂದು ಗುಂಪಿನಲ್ಲಿ 108 ಮನೆ. ನಾಲ್ಕನೇ ಸುತ್ತಿಗೆ ಪೆನ್ನು ನಿಲ್ಲುವುದುಂಟು. ಆಗ ಒಂದೆರಡು ನಿಮಿಷ ಹೆಚ್ಚು ಕೊಡಿ, ಮನೆ ಖಾಲಿ ಉಳಿದರೂ ಸರಿ, ಸಭೆ ಮಾತ್ರ ಮುರಿಯಬೇಡಿ. ಸಲೀಸಾದವು ಮುಗಿದ ಮೇಲೆಯೇ ಬೇರೆ ಬಗೆಯವು ಹೊರಬೀಳುವುದು. ಬರೆಯಲು ಬಾರದವರು ಚಿತ್ರ ಬಿಡಿಸಲಿ, ಇಲ್ಲವೇ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಹೇಳಿದ್ದನ್ನು ಹೇಳಿದಂತೆಯೇ ಬರೆಯಲಿ. ತಿದ್ದಬಾರದು.

ಒಂದೇ ಬಗೆಯವನ್ನು ಕೂಡಿಸಿ, ಪ್ರತಿಯೊಬ್ಬರಿಗೂ ಮೂರು ತೊಗರಿ ಕಾಳು ಕೊಡಿ. ಮೆಚ್ಚಿದ ಉಪಾಯದ ಮೇಲೆ ಇಡಲಿ. ನಿಮ್ಮ ಕಾಳು, ಮಾತಾಡುವ ಆ ಇಬ್ಬರ ಕಾಳು ಕೊನೆಗೆ, ಇಲ್ಲದಿದ್ದರೆ ಉಳಿದವರು ಅಲ್ಲಿಗೇ ಹಾಕುತ್ತಾರೆ.

ಹೆಚ್ಚು ಕಾಳು ಬಿದ್ದ ಎರಡು ಉಪಾಯಗಳಂತೆ 20-20 ರೊಟ್ಟಿ, ಹಳೆಯ ರೀತಿಯಲ್ಲೇ 20, ಮೂರನ್ನೂ ಒಂದೇ ಬಸ್ಸಿಗೆ ಹಾಕಿ. ಅಲ್ಲಿ ಇಳಿಸಿಕೊಂಡವರು ಮುರಿದದ್ದನ್ನು ಎಣಿಸಿ ಫೋನಿನಲ್ಲಿ ತಿಳಿಸಲಿ. ಒಂದೇ ಸಲಕ್ಕೆ ನಂಬಬೇಡಿ, ಮೂರು ಸಲ ಕಳಿಸಿ ನೋಡಿ.