ಹಳೇ ಅರಮನೆ ಮ್ಯೂಸಿಯಂಗಳಲ್ಲಿ ವಸ್ತುಗಳು ತಾವಾಗಿ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತವಂತೆ, ನಿಜವೇ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಉತ್ತರ ಬರೆಯಬೇಕು ಅನಿಸಿತು. ಹೋದ ವರ್ಷ ಒಂದು ಹಳೇ ಅರಮನೆಯ ಮ್ಯೂಸಿಯಂನಲ್ಲಿ ನೋಡಿದ್ದ ದಂತದ ಡಬ್ಬಿ ಈ ವರ್ಷ ಅಲ್ಲಿರಲಿಲ್ಲ, ಕಾವಲಿನವರನ್ನು ಕೇಳಿದರೆ "ಇಲ್ಲಿ ಹೀಗೇ ಸ್ವಾಮಿ, ತಾನಾಗಿ ಹೋಗುತ್ತೆ, ತಾನಾಗಿ ಬರುತ್ತೆ" ಅಂದರು ಎಂದು ಬರೆದಿದ್ದೀರಿ. ಆ ಕಟ್ಟಡದಲ್ಲಿ ಏನಾದರೂ ಶಕ್ತಿ ಇದೆಯಾ ಅಂತ ನಿಮ್ಮ ಅನುಮಾನ.

ಹೋಗುವುದು ನಿಜ. ಎಷ್ಟೋ ಸಲ ವಾಪಸ್ ಬರುವುದೂ ನಿಜ. ಆದರೆ ಯಾವುದೂ ತಾನಾಗಿ ಹೋಗುವುದಿಲ್ಲ.

ನಾನು ಮೂರು ವರ್ಷ ಇಂಥದ್ದೇ ಒಂದು ಹಳೇ ಕಟ್ಟಡದಲ್ಲಿ ವಸ್ತುಗಳ ಪಟ್ಟಿ ಮಾಡುವ ಕೆಲಸದಲ್ಲಿದ್ದೆ. ಹೆಸರು ಬೇಡ. ದಪ್ಪ ಗೋಡೆಗಳು, ಮೆಟ್ಟಿಲ ಕೆಳಗೆ ಕತ್ತಲೆ ಗೂಡು, ಬೀಗದ ಕೈ ಕಳೆದುಹೋದ ಬೀರುಗಳು. ರಿಜಿಸ್ಟರ್‌ನಲ್ಲಿ ಒಂದು ಸಾಲು ಹೀಗಿತ್ತು: "ದೀಪ, ಹಿತ್ತಾಳೆ, 1". ಅಳತೆ ಇಲ್ಲ, ತೂಕ ಇಲ್ಲ, ಫೋಟೋ ಇಲ್ಲ. ನಮ್ಮಲ್ಲಿ ಹಿತ್ತಾಳೆ ದೀಪಗಳೇ ನಲವತ್ತಕ್ಕಿಂತ ಜಾಸ್ತಿ ಇದ್ದವು. ಆ ಸಾಲಿನ ದೀಪ ಯಾವುದು ಅಂತ ಹೇಗೆ ಹೇಳೋದು? ಒಂದು ಪುಟ್ಟ ದೀಪ ಇಲ್ಲ ಅನ್ನುವುದು ಗೊತ್ತಿದ್ದದ್ದು ಅಲ್ಲಿನ ಹಿರಿಯ ಅಟೆಂಡರ್ ಒಬ್ಬರಿಗೆ ಮಾತ್ರ. ದಿನಾ ಅದರ ಧೂಳು ಒರೆಸುತ್ತಿದ್ದವರು ಅವರೇ. ಅವರೇ ಹೋಗಿ ಮೇಲಿನವರಿಗೆ ತಿಳಿಸಿದರು. ಅನುಮಾನವೂ ಅವರ ಮೇಲೆಯೇ ಬಂತು.

ಒಂದು ಬೇಸಿಗೆಯಲ್ಲಿ ಸುಣ್ಣ ಬಳಿಸಲು ಮೆಟ್ಟಿಲ ಕೆಳಗಿನ ಸಾಮಾನೆಲ್ಲ ಹೊರಗೆ ತೆಗೆದೆವು. ದೀಪ ಅಲ್ಲೇ ಇತ್ತು, ಹಳೇ ಪೇಪರಿನಲ್ಲಿ ಸುತ್ತಿ ಇಟ್ಟಿದ್ದರು. ಪೇಪರಿನ ತಾರೀಖು ನೋಡಿದರೆ, ಹಿಂದಿನ ಸಲ ಸುಣ್ಣ ಬಳಿಸಿದ ತಿಂಗಳದ್ದೇ. ಯಾರೋ ಜೋಪಾನವಾಗಿ ಎತ್ತಿಟ್ಟಿದ್ದಾರೆ. ಬರೆದಿಟ್ಟಿಲ್ಲ. ಆಮೇಲೆ ವರ್ಗವಾಗಿ ಹೋಗಿದ್ದಾರೆ. ಅಟೆಂಡರ್ ಆ ದೀಪವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಮಾತೇ ಆಡಲಿಲ್ಲ. ನಿಮಗೆ ಸಿಕ್ಕ ಕಾವಲಿನವರು "ತಾನಾಗಿ ಹೋಗುತ್ತೆ" ಅಂದದ್ದು ಯಾಕೆ ಅಂತ ನನಗೆ ಅರ್ಥವಾಗುತ್ತದೆ. ವಸ್ತು ಇಲ್ಲ ಅಂದ ತಕ್ಷಣ ಮೊದಲು ಕೇಳುವುದು ಅವರನ್ನೇ ಅಲ್ವಾ?

ಗೋಡೆಯೇ ವಸ್ತುವನ್ನು ನುಂಗಿ ವಾಪಸ್ ಕೊಟ್ಟಂತೆ ಕಾಣುವ ಒಂದು ಘಟನೆ ಇದೆ. ಇಟಲಿಯ ಪಿಯಾಚೆಂಜಾ ಊರಿನ ರಿಚ್ಚಿ ಒಡ್ಡಿ ಗ್ಯಾಲರಿಯದು. ಅಲ್ಲಿ ಆಸ್ಟ್ರಿಯಾದ ಹೆಸರಾಂತ ಚಿತ್ರಕಾರ ಗುಸ್ತಾವ್ ಕ್ಲಿಮ್ಟ್ 1916-17ರಲ್ಲಿ ಬರೆದ ಒಬ್ಬ ಹೆಂಗಸಿನ ಚಿತ್ರವಿತ್ತು. ಕಳೆದೇಹೋಯಿತು ಅಂದುಕೊಂಡಿದ್ದ ಅವನದೇ ಇನ್ನೊಂದು ಚಿತ್ರ ಈ ಬಣ್ಣದ ಅಡಿಯಲ್ಲಿದೆ ಅಂತ 1996ರಲ್ಲಿ ಒಬ್ಬ ವಿದ್ಯಾರ್ಥಿನಿ ಗುರುತಿಸಿದಳು. ಎಕ್ಸ್‌ರೇ ತೆಗೆದಾಗ ಅವಳ ಮಾತು ನಿಜವಾಯಿತು. ಆ ಸಂಭ್ರಮದ ನಡುವೆಯೇ, 1997ರ ಫೆಬ್ರವರಿಯಲ್ಲಿ, ಚಿತ್ರವೇ ಕಾಣೆಯಾಯಿತು. ಅದರ ಚೌಕಟ್ಟು ಮಾತ್ರ ಕಟ್ಟಡದ ಮಾಡಿನ ಮೇಲೆ ಸಿಕ್ಕಿತು. ಇಪ್ಪತ್ತೆರಡು ವರ್ಷ ಚಿತ್ರದ ಸುಳಿವಿಲ್ಲ. 2019ರ ಡಿಸೆಂಬರ್‌ನಲ್ಲಿ ತೋಟದ ಕೆಲಸದವರು ಅದೇ ಗ್ಯಾಲರಿಯ ಹೊರಗೋಡೆಗೆ ಹಬ್ಬಿದ್ದ ಬಳ್ಳಿಯನ್ನು ಕತ್ತರಿಸುತ್ತಿದ್ದರು. ಬಳ್ಳಿಯ ಹಿಂದೆ ಲೋಹದ ಒಂದು ಪುಟ್ಟ ಬಾಗಿಲು. ತೆಗೆದರೆ ಗೂಡಿನೊಳಗೆ ಒಂದು ಚೀಲ, ಚೀಲದಲ್ಲಿ ಆ ಹೆಂಗಸಿನ ಚಿತ್ರ. ಅದು ಅಸಲಿಯೇ ಅಂತ ಮುಂದಿನ ತಿಂಗಳು ತಜ್ಞರು ಖಚಿತಪಡಿಸಿದರು.

ಅಷ್ಟೂ ವರ್ಷ ಅದು ಅಲ್ಲೇ ಇತ್ತಾ, ಕದ್ದವರು ಆಮೇಲೆ ತಂದಿಟ್ಟರಾ ಅನ್ನುವ ವಾದ ನಡೆದೇ ಇತ್ತು. ನನ್ನ ಮನಸ್ಸು ಮಾತ್ರ ಆ ಪುಟ್ಟ ಬಾಗಿಲಲ್ಲೇ ನಿಂತುಬಿಡುತ್ತದೆ. ಹಳೇ ಕಟ್ಟಡಗಳಲ್ಲಿ ಇಂಥ ಬಾಗಿಲು, ಗೂಡು, ಅಟ್ಟ ಎಷ್ಟಿರುತ್ತವೆ ಅಂತ ಅಲ್ಲಿ ಕೆಲಸ ಮಾಡಿದವರಿಗೇ ಗೊತ್ತು. ಅರಮನೆ ಕಟ್ಟಿದವರಿಗೆ ಮುಂದೊಂದು ದಿನ ಇಲ್ಲಿ ಮ್ಯೂಸಿಯಂ ಬರುತ್ತೆ ಅಂತ ಗೊತ್ತಿರಲಿಲ್ಲವಲ್ಲ.

ನಿಜವಾಗಿಯೂ "ತಾನಾಗಿ" ಅಲುಗಾಡಿದ್ದೂ ಒಂದಿದೆ. ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲಿ ಸುಮಾರು 3,800 ವರ್ಷ ಹಳೆಯ ಈಜಿಪ್ಟಿನ ಒಂದು ಗೇಣುದ್ದದ ಕಲ್ಲಿನ ಮೂರ್ತಿ ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲೇ ತಿರುಗಿ ನಿಲ್ಲುತ್ತಿತ್ತು. 2013ರಲ್ಲಿ ಇದು ದೊಡ್ಡ ಸುದ್ದಿ. ಕ್ಯಾಮೆರಾ ಇಟ್ಟು ನೋಡಿದರೆ ಅದು ತಿರುಗುವುದು ಜನ ಓಡಾಡುವ ಹಗಲಿನಲ್ಲಿ ಮಾತ್ರ. ಮೂರ್ತಿಯ ತಳ ಸಮ ಇರಲಿಲ್ಲ, ಸ್ವಲ್ಪ ಉಬ್ಬಿತ್ತು. ಜನರ ನಡಿಗೆ, ರಸ್ತೆಯ ವಾಹನಗಳ ನಡುಕಕ್ಕೆ ಚೂರು ಚೂರೇ ತಿರುಗುತ್ತಿತ್ತು.

ಇನ್ನು, ಹೋದದ್ದೇ ಗೊತ್ತಾಗದ ವಸ್ತುಗಳು. ನನಗೆ ಜಾಸ್ತಿ ನೋವಾಗುವುದು ಇವುಗಳ ಬಗ್ಗೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಸ್ಟೋರ್ ರೂಮಿನಲ್ಲಿದ್ದ ಕೆತ್ತನೆಯ ಹರಳು, ಒಡವೆಗಳು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೆ ಬಂದಿವೆ ಅಂತ ಡೆನ್ಮಾರ್ಕಿನ ಪುರಾತನ ವಸ್ತುಗಳ ವ್ಯಾಪಾರಿ ಇಟ್ಟಾಯ್ ಗ್ರಾಡೆಲ್ 2021ರಲ್ಲೇ ಮ್ಯೂಸಿಯಂಗೆ ಬರೆದರು. ಅವರ ಮಾತನ್ನು ಆಗ ಒಪ್ಪಲಿಲ್ಲ. 2023ರಲ್ಲಿ ವಿಷಯ ಹೊರಬಿದ್ದಾಗ ಲೆಕ್ಕ ಸುಮಾರು 2,000 ವಸ್ತುಗಳಿಗೆ ಬಂದು ನಿಂತಿತ್ತು, ಕೆಲವು ಕಾಣೆ, ಕೆಲವು ಹಾಳು. ಅವುಗಳಲ್ಲಿ ಎಷ್ಟೋ ಸರಿಯಾಗಿ ದಾಖಲೆಯನ್ನೇ ಸೇರಿರಲಿಲ್ಲ. ಪುಸ್ತಕದಲ್ಲಿ ಇಲ್ಲದ ವಸ್ತು ಹೋದರೆ ಯಾರು ಹುಡುಕುತ್ತಾರೆ?

ಇದಕ್ಕೆ ಎದುರಾಗಿ ನಮ್ಮ ದೇಶದ್ದೇ ಒಂದು ಸಂಗತಿ ನೋಡಿ. 1961ರಲ್ಲಿ ಬಿಹಾರದ ನಾಲಂದಾ ಮ್ಯೂಸಿಯಂನಿಂದ 14 ಮೂರ್ತಿಗಳು ಕಳುವಾದವು. ಅದರಲ್ಲಿ ಒಂದು ಹನ್ನೆರಡನೇ ಶತಮಾನದ ಕಂಚಿನ ಬುದ್ಧ. ಕೈಯಿಂದ ಕೈಗೆ ದಾಟಿ ದಾಟಿ 2018ರಲ್ಲಿ ಅದು ಯುರೋಪಿನ ಒಂದು ಕಲಾ ಮೇಳದಲ್ಲಿ ಮಾರಾಟಕ್ಕೆ ನಿಂತಿತ್ತು. ನಮ್ಮ ದೇಶದಿಂದ ಕಳುವಾದ ಮೂರ್ತಿಗಳನ್ನು ಹುಡುಕಿ ವಾಪಸ್ ತರಿಸುವ ಇಂಡಿಯಾ ಪ್ರೈಡ್ ಪ್ರಾಜೆಕ್ಟ್‌ನ ವಿಜಯ್ ಕುಮಾರ್ ಮತ್ತು ಕಲಾ ಕಳ್ಳತನಗಳನ್ನು ಅಧ್ಯಯನ ಮಾಡುವ ಲಿಂಡಾ ಆಲ್ಬರ್ಟ್‌ಸನ್ ಅದನ್ನು ಗುರುತಿಸಿದರು. ಪುರಾತತ್ವ ಇಲಾಖೆಯ ಹಳೇ ಫೋಟೋಗಳು ಇದ್ದವು, ಹೋಲಿಸಿ ನೋಡಲು ಸಾಧ್ಯವಾಯಿತು. ಆ ವರ್ಷ ಆಗಸ್ಟ್ 15ರಂದು ಲಂಡನ್ ಪೊಲೀಸರು ಬುದ್ಧನನ್ನು ಭಾರತದ ಹೈಕಮಿಷನರ್ ಕೈಗೆ ಒಪ್ಪಿಸಿದರು. ಐವತ್ತೇಳು ವರ್ಷದ ಮೇಲೆ! ಈ ಸುದ್ದಿ ಓದಿದ ದಿನ ನನಗೆ ನಮ್ಮ "ದೀಪ, ಹಿತ್ತಾಳೆ, 1" ನೆನಪಾಯಿತು. ಅದು ಹೊರದೇಶದಲ್ಲಿ ಸಿಕ್ಕಿದ್ದರೆ ನಮ್ಮದು ಅಂತ ಹೇಳಲು ನಮ್ಮ ಹತ್ತಿರ ಏನಿತ್ತು?

ಈಗ ನಿಮ್ಮ ದಂತದ ಡಬ್ಬಿ. ಸುಮ್ನೆ ಗಾಬರಿಯಾಗಬೇಡಿ. ಬೆಳಕಿಗೆ ದಂತದ ಬಣ್ಣ ಬದಲಾಗುತ್ತದೆ, ಒಣ ಗಾಳಿಗೆ ಬಿರುಕು ಬಿಡುತ್ತದೆ, ಅದಕ್ಕೇ ಕೆಲವೊಮ್ಮೆ ಒಳಗೆ ಎತ್ತಿಡುತ್ತಾರೆ. ಬೇರೆ ಊರಿನ ಪ್ರದರ್ಶನಕ್ಕೂ ಕಳಿಸಿರಬಹುದು. ಹೋದ ವರ್ಷ ಅದರ ಫೋಟೋ ತೆಗೆದಿದ್ದರೆ ದೊಡ್ಡದು ಮಾಡಿ ನೋಡಿ, ಪಕ್ಕದ ಚೀಟಿಯಲ್ಲೋ ಡಬ್ಬಿಯ ಅಂಚಿನಲ್ಲೋ ಒಂದು ನಂಬರ್ ಇರಬಹುದು. ಆ ನಂಬರ್ ಬರೆದು, ನೀವು ನೋಡಿದ ತಾರೀಖು ಹಾಕಿ, ಅಲ್ಲಿನ ವಸ್ತುಗಳ ಹೊಣೆ ಹೊತ್ತ ಕ್ಯುರೇಟರ್‌ಗೆ ಒಂದು ಪತ್ರ ಕೊಡಿ. ಕಾವಲಿನವರ ಹೆಸರು ಮಾತ್ರ ದಯವಿಟ್ಟು ಅದರಲ್ಲಿ ಬರೆಯಬೇಡಿ.