ಲ್ಯಾಬ್ ಟೆಕ್ನಿಷಿಯನ್ ಕೆಲಸದಲ್ಲಿದ್ದೇನೆ, ಈಗ ಎಂಬಿಬಿಎಸ್ ಸೇರಬಹುದಾ?

ನಿಮಗೆ 25 ವರ್ಷ. ಬಿಎಸ್ಸಿ ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ಮುಗಿಸಿ ಚಿಕ್ಕಮಗಳೂರಿನಲ್ಲಿ ಲ್ಯಾಬ್ ಕೆಲಸ ಮಾಡುತ್ತಿದ್ದೀರಿ. ಎಂಬಿಬಿಎಸ್ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದಾ, ವಯಸ್ಸು ಮೀರಿತಾ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ನಾಲ್ಕು ವರ್ಷ ಇದೇ ಕೆಲಸ ಮಾಡಿ, 27ಕ್ಕೆ ಎಂಬಿಬಿಎಸ್ ಸೇರಿದವಳು. ಈಗ ಮೂರನೇ ವರ್ಷ.

ನೇರ ಎರಡನೇ ವರ್ಷಕ್ಕೆ ದಾರಿ ಇಲ್ಲ. ಪ್ರವೇಶ ಪರೀಕ್ಷೆ ನೀಟ್ ಬರೆದು ಮೊದಲ ವರ್ಷದಿಂದಲೇ ಓದಬೇಕು. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ವಯಸ್ಸಿನ ಚಿಂತೆ ಬಿಡಿ, ಗರಿಷ್ಠ ಮಿತಿಯನ್ನು 2022ರಲ್ಲೇ ತೆಗೆದಿದ್ದಾರೆ. ಅರ್ಹತೆಗೆ ನಿಮ್ಮ ಡಿಗ್ರಿ ಅಂಕ ಬೇಡ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಶೇ. 50 ಇದ್ದರೆ ಸಾಕು, ಮೀಸಲಾತಿ ಇದ್ದವರಿಗೆ ಶೇ. 40.

ನೀಟ್‌ನಲ್ಲಿ ನಮ್ಮಂಥವರು ಎಡವುವುದು ಫಿಸಿಕ್ಸ್‌ನಲ್ಲಿ. ಒಟ್ಟು 720 ಅಂಕದಲ್ಲಿ ಅದಕ್ಕೇ 180. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ. ದಿನಾ ರಕ್ತ ನೋಡುವವಳು, ಬಯಾಲಜಿ ಸುಲಭ ಬಿಡು ಅಂದುಕೊಂಡಿದ್ದೆ. ಆದರೆ ಅಲ್ಲೂ ಸುಮಾರು ಅರ್ಧ ಗಿಡ-ಮರದ ಪಾಠ, ಅದಕ್ಕೆ ಲ್ಯಾಬ್ ಅನುಭವ ಏನೂ ಮಾಡಲ್ಲ. ಮೊದಲ ಸಲ ಫಿಸಿಕ್ಸ್ ನನ್ನನ್ನು ಮುಳುಗಿಸಿತು. ಪಿಯುಸಿ ಆದಮೇಲೆ ಆ ಪುಸ್ತಕ ಮುಟ್ಟಿಯೇ ಇರಲಿಲ್ಲ. ಎರಡನೇ ಸಲ ಬೆಳಿಗ್ಗೆ ಐದಕ್ಕೆ ಎದ್ದು, ಡ್ಯೂಟಿಗೆ ಹೋಗುವ ಮೊದಲು ಎರಡು ಗಂಟೆ ಬರೀ ಫಿಸಿಕ್ಸ್ ಲೆಕ್ಕ ಮಾಡಿದೆ. ಓದಿದ್ದಲ್ಲ, ಪೆನ್ನು ಹಿಡಿದು ಬಿಡಿಸಿದ್ದು. ಕೆಲಸ ಬಿಟ್ಟಿದ್ದು ಕೊನೆಯ ಆರು ತಿಂಗಳಿಗೆ ಮಾತ್ರ, ಅದೂ ಮನೆ ಖರ್ಚಿಗೆ ಅಷ್ಟು ದುಡ್ಡು ಎತ್ತಿಟ್ಟ ಮೇಲೆ. ನೀವೂ ಈಗಲೇ ರಾಜೀನಾಮೆ ಕೊಡಬೇಡಿ.

ಎಂಬಿಬಿಎಸ್‌ಗೆ ಯಾಕೆ ಬಂದೆ ಅನ್ನುವುದನ್ನೂ ಹೇಳಬೇಕು. ಒಂದು ಮಳೆಗಾಲ, ಡೆಂಗಿ ಜೋರಾಗಿತ್ತು. ಸಕಲೇಶಪುರದ ಕಡೆಯಿಂದ ಒಬ್ಬ ಅಜ್ಜಿಯನ್ನು ಕರೆತಂದಿದ್ದರು. ಮೆಷಿನ್ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) 38 ಸಾವಿರ ತೋರಿಸಿತು. 'ಬಿಳಿ ರಕ್ತಕಣ ಇಳಿದೋಯ್ತು' ಅಂತ ಮಗಳು ಅಳಲು ಶುರು ಮಾಡಿದರು. ಪ್ಲೇಟ್‌ಲೆಟ್‌ಗೆ ಜನ ಹಾಗನ್ನುತ್ತಾರೆ, ಆದರೆ ಬಿಳಿ ರಕ್ತಕಣವೇ ಬೇರೆ. ನನಗ್ಯಾಕೋ ಅನುಮಾನ. ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಹರಡಿ (ಸ್ಮಿಯರ್), ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಸ್ಲೈಡಿನ ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಗೊಂಚಲು ಗೊಂಚಲಾಗಿ ಅಂಟಿಕೊಂಡಿದ್ದವು. ರಕ್ತ ಹೆಪ್ಪುಗಟ್ಟದಿರಲಿ ಅಂತ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹಾಕಿರುವ ಇಡಿಟಿಎ ಕೆಲವರ ರಕ್ತದಲ್ಲಿ ಹೀಗೆ ಮಾಡುತ್ತದೆ. ಆ ಗೊಂಚಲನ್ನು ಮೆಷಿನ್ ಪ್ಲೇಟ್‌ಲೆಟ್ ಅಂತ ಎಣಿಸುವುದಿಲ್ಲ. ಇಡಿಟಿಎ ಬದಲು ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿಗೆ ಮತ್ತೆ ರಕ್ತ ತೆಗೆದೆ. ಒಂದೂವರೆ ಲಕ್ಷದ ಮೇಲಿತ್ತು! ಅಜ್ಜಿ ನನ್ನ ಕೈ ಹಿಡಿದುಕೊಂಡು, 'ಹಂಗಾದ್ರೆ ಈ ಜ್ವರ ಯಾತಕ್ಕೆ ಬಂತು ಮಗಾ?' ಅಂದರು. 'ಡಾಕ್ಟರನ್ನ ಕೇಳಿ ಅಜ್ಜಿ' ಅಂದೆ. ನಾನು ಹೇಳಬಹುದಾಗಿದ್ದು ಅಷ್ಟೇ. ಅದು ರಾತ್ರಿಯೆಲ್ಲ ಕೊರೆಯಿತು.

ನಿಮ್ಮನ್ನೂ ಇಂಥದ್ದೇ ಕೊರೆಯುತ್ತಿದ್ದರೆ ಬನ್ನಿ. ಜಾಸ್ತಿ ಸಂಬಳಕ್ಕೆ ಅಂತಾದರೆ ಇನ್ನೊಮ್ಮೆ ಯೋಚಿಸಿ, ಇಂಟರ್ನ್‌ಶಿಪ್ ಬರುವವರೆಗೆ ಕೈಗೆ ಏನೂ ಬರುವುದಿಲ್ಲ. ಟೆಕ್ನಿಷಿಯನ್ ಕೆಲಸ ಕಡಿಮೆ ಅಂತ ಯಾರಾದರೂ ಅಂದಿದ್ದಕ್ಕೆ ಹೊರಟಿದ್ದರೆ ದಯವಿಟ್ಟು ಬೇಡ. ಆ ಅಜ್ಜಿಯ ರಿಪೋರ್ಟ್ ಸರಿ ಮಾಡಿದ್ದು ಒಬ್ಬ ಟೆಕ್ನಿಷಿಯನ್ನೇ ಅಲ್ವಾ?

ಇನ್ನು ಸೀಟು. ಹಾಸನದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಹಿಮ್ಸ್ ಇದೆ, ಚಿಕ್ಕಮಗಳೂರಿನಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಆದರೆ ಊರಲ್ಲೇ ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚುವ ಕೌನ್ಸೆಲಿಂಗ್‌ನಲ್ಲಿ ರ‍್ಯಾಂಕ್ ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮವಾಗಿದ್ದರೆ ಶೇ. 5 ಇದೆ. ಎರಡಕ್ಕೂ ಶಾಲೆಯಿಂದ ಸರ್ಟಿಫಿಕೇಟ್ ಬರೆಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಬೇಕು. ನಾನು ಕೊನೇ ಗಳಿಗೆಯಲ್ಲಿ ಅರಸೀಕೆರೆಗೂ ನಮ್ಮ ಹಳ್ಳಿ ಶಾಲೆಗೂ ಮೂರು ಸಲ ಓಡಾಡಿದೆ. ನೀವು ಮುಂದಿನ ರಜೆಯಲ್ಲೇ ಹೋಗಿ ಮಾಡಿಸಿಟ್ಟುಕೊಳ್ಳಿ.