ನದಿದಡದ ಹಳೇ ಮನೆಗೆ ಸಿಮೆಂಟ್ ಮೆತ್ತಬೇಡಿ

ಫ್ರಾನ್ಸಿಗೆ ಹೋಗಿಬಂದವರು, ಅಲ್ಲೇ ನೆಲೆಸಿ ಹಳೇ ಮನೆ ಕೊಂಡವರು ಕೇಳುವ ಪ್ರಶ್ನೆಗಳಲ್ಲಿ ಒಂದು ಎಷ್ಟು ಹೇಳಿದರೂ ಮುಗಿಯುವುದಿಲ್ಲ. ಈ ಸಲ ಜಾಗದ ಹೆಚ್ಚಿನ ಪಾಲು ಅದಕ್ಕೇ ಹೋಗಿದೆ.

ಪ್ರಶ್ನೆ: ಸ್ಟ್ರಾಸ್‌ಬರ್ಗ್‌ನ ಪೆತೀತ್ ಫ್ರಾನ್ಸ್ ಬಡಾವಣೆಯಲ್ಲಿ ಇಲ್ ನದಿಗೆ ಅಂಟಿಕೊಂಡೇ ಮರದ ಚೌಕಟ್ಟಿನ ಮನೆಗಳಿವೆ. ಸಿಮೆಂಟ್ ಗಿಲಾವು ಮಾಡಿ ವಾಟರ್‌ಪ್ರೂಫ್ ಪೇಂಟ್ ಬಳಿದರೆ ತೇವದ ಕಾಟ ತಪ್ಪುವುದಿಲ್ಲವೇ?

ತಪ್ಪುವುದಿಲ್ಲ, ಮರ ಕೊಳೆಯುತ್ತದೆ. ನದಿ ಪಕ್ಕದ ಕಲ್ಲಿನ ತಳಪಾಯ ನೀರು ಹೀರಿಯೇ ಹೀರುತ್ತದೆ. ಹಿಂದಿನವರು ಅದನ್ನು ತಡೆಯಲು ಹೋಗಲಿಲ್ಲ, ಆರಿಹೋಗಲು ದಾರಿ ಬಿಟ್ಟರು. ಕಲ್ಲಿನ ಸಂದಿಗೆ ಸುಣ್ಣದ ಗಾರೆ, ಓಕ್ ತೊಲೆಗಳ ನಡುವೆ ಹುಲ್ಲು ಬೆರೆಸಿದ ಮಣ್ಣು, ಅದರ ಮೇಲೆ ಮತ್ತೆ ಸುಣ್ಣ. ಸಿಮೆಂಟ್ ಬಿದ್ದ ದಿನವೇ ಈ ದಾರಿ ಮುಚ್ಚುತ್ತದೆ. ನೀರು ಹೊರಬರಲು ಜಾಗ ಹುಡುಕುತ್ತ ಮೇಲೇರಿ, ಕಲ್ಲಿನ ಮೇಲೆ ಅಡ್ಡ ಮಲಗಿರುವ ಮೊದಲ ತೊಲೆಯನ್ನು ಮುಟ್ಟುತ್ತದೆ. ಮರ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಅದರ ಜೊತೆ ಅಲುಗುವುದಿಲ್ಲ. ಎರಡರ ನಡುವೆ ಕೂದಲೆಳೆಯ ಬಿರುಕು ಬಿಟ್ಟು ಮಳೆನೀರೂ ಒಳಸೇರುತ್ತದೆ. ಹೊರಗಿನಿಂದ ಗೋಡೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆ ಅಂಚಿನಲ್ಲಿ ತೊಲೆಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ: ಕೊಳೆತಿದ್ದರೆ ನೆನೆದ ರೊಟ್ಟಿಯ ಹಾಗೆ ಒಳಕ್ಕಿಳಿಯುತ್ತದೆ.

ಆ ಬಡಾವಣೆಯಲ್ಲಿ ಹಿಂದೆ ಚರ್ಮ ಹದಮಾಡುವವರಿದ್ದರು. ಅವರ ಮನೆಗಳ ಕಡಿದಾದ ಮಾಡುಗಳಲ್ಲಿರುವ ತೆರೆದ ಅಟ್ಟಗಳು ಚರ್ಮ ಒಣಗಿಸಲು ಇದ್ದವು. ಗಾಳಿಯ ಬೆಲೆ ಅವರಿಗೆ ಗೊತ್ತಿತ್ತು. ಇಂದು ಅವುಗಳನ್ನು ಗಾಜು ಹಾಕಿ ಮುಚ್ಚಿಬಿಡಿ ಎನ್ನುವ ಸಲಹೆಗಾರರನ್ನು ನಾನು ಮನೆಯೊಳಕ್ಕೇ ಬಿಡಲಾರೆ.

ನೀರೇ ಶತ್ರು ಎಂದು ನಂಬಿರುವವರು ಅದೇ ಊರಿನ ಕತೀಡ್ರಲ್ ಎಂಬ ದೊಡ್ಡ ಚರ್ಚಿನ ಕಥೆ ತಿಳಿಯಬೇಕು. ಅದರ ತಳಪಾಯದಡಿ ನೆಟ್ಟ ಮರದ ಕಂಬಗಳು ಅಂತರ್ಜಲದಲ್ಲಿ ಮುಳುಗಿದ್ದಷ್ಟು ಕಾಲ ಗಟ್ಟಿಯಾಗಿದ್ದವು. ಜಲಮಟ್ಟ ಇಳಿದು ಗಾಳಿ ತಾಗಿದಾಗ ಕೊಳೆತವು. 142 ಮೀಟರ್ ಎತ್ತರದ ಗೋಪುರ ಹೊತ್ತ ಕಲ್ಲಿನ ಕಂಬವೇ ಅಪಾಯಕ್ಕೆ ಸಿಕ್ಕಿತು. ಕತೀಡ್ರಲ್‌ನ ವಾಸ್ತುಶಿಲ್ಪಿ ಯೋಹಾನ್ ಕ್ನೌಟ್ ಶುರುಮಾಡಿದ ಬಲಪಡಿಸುವ ಕೆಲಸ ಮುಗಿದದ್ದು 1926ರಲ್ಲಿ. ಹಾಗಾಗಿ ನದಿದಡದಲ್ಲಿ ಬೋರ್‌ವೆಲ್ ಕೊರೆದು ನೆಲ ಒಣಗಿಸುವ ಯೋಚನೆಯನ್ನೂ ಕೈಬಿಡಿ.

ಪ್ರವಾಹ ಬಂದಾಗ ಆತುರ ಇನ್ನಷ್ಟು ಹಾಳುಮಾಡುತ್ತದೆ. 2016ರ ಜೂನ್‌ನಲ್ಲಿ ಲ್ವಾನ್ ನದಿ ಉಕ್ಕಿ ನೆಮೂರ್, ಮೊರೆ ಪಟ್ಟಣಗಳು ಜಲಾವೃತವಾದವು. ಇಂಥ ಕಡೆ ನೆಲಮಾಳಿಗೆಯ ನೀರನ್ನು ಒಂದೇ ಸಲಕ್ಕೆ ಪಂಪ್ ಮಾಡಬಾರದು. ಹೊರಗಿನ ಮಣ್ಣು ಇನ್ನೂ ನೀರುಂಡಿರುತ್ತದೆ, ಒಳಗೆ ಖಾಲಿಯಾದ ಕೂಡಲೇ ಆ ಒತ್ತಡಕ್ಕೆ ಗೋಡೆ ಒಳಕ್ಕೆ ಕುಸಿಯಬಹುದು. ಸುತ್ತಲಿನ ನೀರು ಇಳಿದಂತೆ ಹಂತಹಂತವಾಗಿ ತೆಗೆಯಿರಿ. ಹೀಟರ್ ಇಟ್ಟು ಸುಡಬೇಡಿ, ಕಿಟಕಿ ತೆರೆಯಿರಿ. ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕು, ವರ್ಷ ದಾಟಿದರೂ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ಬಣ್ಣದ ಮಾತೇ ಬೇಡ.

ಇನ್ನು ಗೋಡೆಗೆ ತಗುಲಿಹಾಕಿದರೆ ಕಾಂತಶಕ್ತಿಯಿಂದ ತೇವ ಇಳಿಸುತ್ತೇವೆಂದು ಡಬ್ಬಿ ಮಾರುವವರು. ಇದು ಹಾಡಹಗಲ ಮೋಸ. ಆ ದುಡ್ಡಿನಲ್ಲಿ ಮಾಡಿನ ಅಂಚಿನ ಮಳೆನೀರಿನ ದೋಣಿ ರಿಪೇರಿ ಮಾಡಿಸಿ.

ಪ್ರಶ್ನೆ: ಕೋಟೆಗೋಡೆ ಉಬ್ಬಿದೆ. ಸಂದಿಗಳಿಗೆ ಕಾಂಕ್ರೀಟ್ ತುಂಬಿಸಿದರೆ ಸಾಕೇ?

ಮೊದಲು ಗೋಡೆಯ ಬುಡದ ನೀರುಗಂಡಿಗಳನ್ನು ನೋಡಿ. ಮಣ್ಣು, ಬೇರು ಕಟ್ಟಿಕೊಂಡಿದ್ದರೆ ಹಿಂದಿನ ದಿಬ್ಬದ ನೀರು ಗೋಡೆಯನ್ನು ಮುಂದಕ್ಕೆ ದೂಡುತ್ತಿರುತ್ತದೆ. ಕಾಂಕ್ರೀಟ್ ಉಳಿದ ದಾರಿಯನ್ನೂ ಮುಚ್ಚುತ್ತದೆ. ಐವಿ ಬಳ್ಳಿಯನ್ನು ಕಿತ್ತೆಳೆಯಬೇಡಿ, ಕಲ್ಲೂ ಜೊತೆಗೆ ಬರುತ್ತದೆ. ಬುಡದಲ್ಲಿ ಕತ್ತರಿಸಿ ಒಣಗಲು ಬಿಡಿ.

ಪ್ರಶ್ನೆ: ದಕ್ಷಿಣ ಫ್ರಾನ್ಸಿನ ಕಾರ್ಕಾಸೋನ್ ಕೋಟೆ ಪೂರ್ತಿ ನಕಲಿಯಂತೆ, ಹೌದೇ?

ಅಲ್ಲ. ವಾಸ್ತುಶಿಲ್ಪಿ ವಯೊಲೆ-ಲ-ದ್ಯುಕ್ 1853ರಿಂದ ಜೀರ್ಣೋದ್ಧಾರ ಮಾಡಿಸಿದ. ಗೋಪುರಗಳ ಶಂಕುಮಾಡುಗಳಿಗೆ ಆ ಸೀಮೆಯದಲ್ಲದ ಸ್ಲೇಟ್ ಕಲ್ಲು ಹೊದಿಸಿದ ಎಂಬ ತಕರಾರು ನ್ಯಾಯವಾದದ್ದು, ಆದರೆ ಕೆಳಗಿನ ರೋಮನ್ ಗೋಪುರಗಳು ಅಸಲಿ.

ಪ್ರಶ್ನೆ: ನಮ್ಮದೇ ಮನೆಯ ಕಿಟಕಿ ಬದಲಿಸಲೂ ಅನುಮತಿ ಬೇಕೇ?

ಬೇಕು. ಸಂರಕ್ಷಿತ ಸ್ಮಾರಕದ ಸುತ್ತ, ಬೇರೆ ಗಡಿ ಗುರುತಿಸಿರದಿದ್ದರೆ 500 ಮೀಟರ್ ಒಳಗೆ ಸ್ಮಾರಕದಿಂದ ಇಲ್ಲವೇ ಸ್ಮಾರಕದ ಜೊತೆಗೇ ಕಣ್ಣಿಗೆ ಬೀಳುವ ಮನೆಯಾದರೆ, ಸರ್ಕಾರದ ವಾಸ್ತುಶಿಲ್ಪಿಯ ಅಭಿಪ್ರಾಯ ಪಡೆಯಬೇಕಾಗುತ್ತದೆ. ಅರ್ಜಿಯನ್ನು ಪುರಸಭೆಗೆ ಕೊಡಿ, ಪಿವಿಸಿ ಕಿಟಕಿಗೆ ಮುಂಗಡ ಕೊಡುವುದಕ್ಕೆ ಮುಂಚೆ.